ಮೋಡದೊಳಗೆ ಮೂರು ನಿಮಿಷ



ಕಳೆದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮದ ಫೋನ್-ಇನ್ ಹೊತ್ತಿನಲ್ಲಿ ಮಲ್ಕಾಜ್‌ಗಿರಿಯಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ಮೂಲ ಬೀದರ್ ಕಡೆಯವರು, ಹೈದರಾಬಾದಿಗೆ ಬಂದು ಇಪ್ಪತ್ತೈದು ವರ್ಷವಾಯಿತಂತೆ. ಹಾಡು ಕೇಳುತ್ತಾರೆ ಅಂದುಕೊಂಡರೆ ಅವರು ಕೇಳಿದ್ದು ಪ್ರಶ್ನೆ. ಮಗ ಪೈಲಟ್ ತರಬೇತಿಗೆ ಸೇರಿದ್ದಾನೆ. "ಒಂದ್ ಮಾತ್ ಕೇಳ್ತೀನಿ ತಮ್ಮಾ, ಸಣ್ಣ ವಿಮಾನ ಮೋಡದಾಗ ಹೊಕ್ಕರ ಏನಾಗ್ತದ? ಸೀದಾ ಹಿಡಕೊಂಡು ಹೋದ್ರ ಆ ಕಡಿಂದ ಹೊರಗ ಬರ್ತದಲ್ಲ? ಮತ್ಯಾಕ ಬೀಳ್ತಾವ?"

ಜಾಹೀರಾತಿಗೆ ನಲವತ್ತು ಸೆಕೆಂಡ್ ಬಾಕಿ ಇತ್ತು. "ಬೆಟ್ಟ ಗುಡ್ಡ ಕಾಣೋದಿಲ್ಲ ಅಮ್ಮಾ, ಅದಕ್ಕೆ" ಎಂದು ಹೇಳಿ ಮುಗಿಸಿಬಿಟ್ಟೆ. ಮೈಕ್ ಆಫ್ ಆದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ನನ್ನ ಉತ್ತರ ಸುಳ್ಳೇನಲ್ಲ, ಆದರೆ ಅರ್ಧ. ಬಿ.ಎ. ಕನ್ನಡ ಓದಿದವನಿಗೆ ವಿಮಾನದ ವಿಷಯ ಗೊತ್ತಿರಬೇಕೆಂದೇನಿಲ್ಲ, ನಿಜ. ಆದರೆ ಆ ತಾಯಿ ಕೇಳಿದ್ದು ಪರೀಕ್ಷೆ ಮಾಡುವುದಕ್ಕಲ್ಲ. ಅದಕ್ಕೇ ಓದಿದೆ, ತಿಳಿದವರನ್ನು ಕೇಳಿದೆ. ಈ ಪುಟ ಆ ನಲವತ್ತು ಸೆಕೆಂಡಿನ ಬಾಕಿ.

ಮೊದಲು ಒಂದು ಸಣ್ಣ ಪ್ರಯೋಗ. ಮನೆಯಲ್ಲಿ ತಿರುಗುವ ಕುರ್ಚಿ ಇದ್ದರೆ ಅದರ ಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಿ. ಮೇಲೆ ನಾಲ್ಕು ಚಹಾ ಪುಡಿ ಉದುರಿಸಿ. ಕುರ್ಚಿಯನ್ನು ನಿಧಾನವಾಗಿ ತಿರುಗಿಸಿ. ಪಾತ್ರೆ ತಿರುಗುತ್ತದೆ, ಚಹಾ ಪುಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಒಂದೇ ವೇಗದಲ್ಲಿ ತಿರುಗಿಸುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ನೀರೂ ಪಾತ್ರೆಯ ಜೊತೆ ಸೇರಿ ತಿರುಗಲು ಶುರು. ಈಗ ಕುರ್ಚಿಯನ್ನು ಗಕ್ಕನೆ ನಿಲ್ಲಿಸಿ. ಪಾತ್ರೆ ನಿಂತಿತು, ನೀರು ನಿಲ್ಲಲಿಲ್ಲ!

ನಮ್ಮ ಕಿವಿಯೊಳಗೆ ಇಂಥವೇ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಒಳಗೆ ದ್ರವ, ಆ ದ್ರವ ಬಾಗಿಸುವ ನವಿರಾದ ಕೂದಲಿನಂಥ ಕಣಗಳು. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ, ಕೂದಲು ಬಾಗುತ್ತದೆ, ಮೆದುಳಿಗೆ "ತಿರುಗುತ್ತಿದ್ದೇವೆ" ಎಂಬ ಸುದ್ದಿ ಹೋಗುತ್ತದೆ. ಆದರೆ ಒಂದೇ ಸಮನೆ ಹದಿನೈದು ಇಪ್ಪತ್ತು ಸೆಕೆಂಡ್ ತಿರುಗುತ್ತಾ ಹೋದರೆ ದ್ರವವೂ ಜೊತೆಗೂಡುತ್ತದೆ, ಕೂದಲು ನೆಟ್ಟಗಾಗುತ್ತದೆ. ಆಗ ಕಿವಿ ಮೆದುಳಿಗೆ ಹೇಳುತ್ತದೆ: ಸೀದಾ ಹೋಗುತ್ತಿದ್ದೇವೆ. ಇನ್ನು ತೀರಾ ನಿಧಾನವಾಗಿ ಶುರುವಾದ ತಿರುವನ್ನಂತೂ ಕಿವಿ ಮೊದಲಿನಿಂದಲೇ ಗಮನಿಸುವುದಿಲ್ಲ. ಚಿಕ್ಕವರಿದ್ದಾಗ ಗರಗರನೆ ಸುತ್ತಿ ನಿಂತಾಗ ಅಂಗಳವೇ ಸುತ್ತುತ್ತಿತ್ತಲ್ಲ, ಅದೇ ಲೆಕ್ಕ.

ನೆಲದ ಮೇಲೆ ಇದರಿಂದ ತೊಂದರೆಯಿಲ್ಲ. ಕಣ್ಣು ಕಿವಿಯನ್ನು ತಿದ್ದುತ್ತದೆ. ಆಕಾಶದಲ್ಲಿ ಆ ಕೆಲಸ ಮಾಡುವುದು ದಿಗಂತ, ಆಕಾಶ ಭೂಮಿ ಸೇರುವ ಆ ಒಂದು ಗೆರೆ. ಮೋಡ ಹೊಕ್ಕ ಕ್ಷಣ ಆ ಗೆರೆ ಅಳಿಸಿಹೋಗುತ್ತದೆ. ಸುತ್ತ ಹಾಲಿನಂಥ ಬಿಳುಪು. ಮೇಲೂ ಅದೇ, ಕೆಳಗೂ ಅದೇ. ಈಗ ಪೈಲಟ್‌ಗೆ ಉಳಿದದ್ದು ಸುಳ್ಳು ಹೇಳುವ ಕಿವಿ ಮತ್ತು ಎದುರಿನ ಮೀಟರುಗಳು.

ಅಮ್ಮಾ, ನೀವು "ಸೀದಾ ಹಿಡಕೊಂಡು ಹೋದ್ರ" ಅಂದಿರಲ್ಲ, ಕಷ್ಟವಿರುವುದೇ ಅಲ್ಲಿ. ಸೀದಾ ಯಾವುದು ಎಂದು ತಿಳಿಯಬೇಕಲ್ಲ! ವಿಮಾನ ಗೊತ್ತಾಗದಂತೆ ಒಂದು ರೆಕ್ಕೆ ತಗ್ಗಿಸುತ್ತದೆ, ತಿರುಗತೊಡಗುತ್ತದೆ. ವಾಲಿದ ರೆಕ್ಕೆಯ ಎತ್ತುವ ಬಲ ಪೂರ್ತಿ ಮೇಲ್ಮುಖವಾಗಿ ಇರುವುದಿಲ್ಲ, ಆದ್ದರಿಂದ ಮೂಗು ಕೆಳಗಾಗುತ್ತದೆ, ವೇಗ ಏರುತ್ತದೆ. ಗಾಳಿಯ ಸದ್ದು ಜೋರಾಗುತ್ತದೆ. ಎತ್ತರ ತೋರಿಸುವ ಮುಳ್ಳು ಹಿಂದಕ್ಕೆ ಓಡುತ್ತದೆ. ಕಿವಿ ಮಾತ್ರ "ರೆಕ್ಕೆ ಸಮವಾಗಿದೆ" ಎನ್ನುತ್ತಿರುತ್ತದೆ. ಆಗ ಪೈಲಟ್ ಏನು ಮಾಡುತ್ತಾನೆ? ಕೆಳಗೆ ಹೋಗುತ್ತಿದ್ದೇವೆ, ಮೇಲೆತ್ತೋಣ ಎಂದು ಹಿಡಿಯನ್ನು ತನ್ನತ್ತ ಎಳೆಯುತ್ತಾನೆ. ವಾಲಿದ ವಿಮಾನದಲ್ಲಿ ಹಾಗೆ ಎಳೆದರೆ ಅದು ಮೇಲೇರುವುದಿಲ್ಲ, ತಿರುವು ಇನ್ನಷ್ಟು ಬಿಗಿಯಾಗುತ್ತದೆ. ಬಾವಿಯ ಸುತ್ತಿನ ಮೆಟ್ಟಿಲು ಇಳಿದಂತೆ ಸುತ್ತಿ ಸುತ್ತಿ ಕೆಳಕ್ಕೆ. ಮೊದಲು ರೆಕ್ಕೆ ಸಮ ಮಾಡಿ ಆಮೇಲೆ ಎಳೆಯಬೇಕು. ಆದರೆ ರೆಕ್ಕೆ ಸಮವಾಗಿದೆ ಎಂದೇ ನಂಬಿದವನು ಸಮ ಮಾಡುವುದೇನನ್ನು?

ಇದಕ್ಕೆ ಎಷ್ಟು ಹೊತ್ತು ಬೇಕು? ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ಒಂದು ಪ್ರಯೋಗ ನಡೆಯಿತು. ಮೀಟರು ನೋಡಿ ಹಾರುವ ತರಬೇತಿ ಇಲ್ಲದ 20 ಜನರನ್ನು ಬೊನಾಂಜಾ ಎಂಬ ಸಣ್ಣ ವಿಮಾನದಲ್ಲಿ ಕೂರಿಸಿ, ಹೊರಗಿನದೇನೂ ಕಾಣದಂತೆ ಮಾಡಿ ಹಾರಿಸಲು ಹೇಳಿದರು. ಪಕ್ಕದಲ್ಲಿ ಬೋಧಕ ಇದ್ದುದರಿಂದ ಯಾರಿಗೂ ಅಪಾಯವಾಗಲಿಲ್ಲ. ಇಪ್ಪತ್ತಕ್ಕೆ ಇಪ್ಪತ್ತೂ ಜನ ಹತೋಟಿ ತಪ್ಪಿದರು. 19 ಜನ ಹೋದದ್ದು ನಾನು ಮೇಲೆ ಹೇಳಿದ ಸುತ್ತುವ ಇಳಿಜಾರಿಗೇ. ಸರಾಸರಿ ತೆಗೆದುಕೊಂಡ ಸಮಯ 178 ಸೆಕೆಂಡ್. ಮೂರು ನಿಮಿಷವೂ ಅಲ್ಲ. ನಾವು ಹಾಕುವ ಒಂದು ಸಿನಿಮಾ ಹಾಡು ಸಾಮಾನ್ಯವಾಗಿ ನಾಲ್ಕೂವರೆ ನಿಮಿಷ. ಅಂದರೆ ಎರಡನೇ ಚರಣ ಮುಗಿಯುವ ಮೊದಲೇ ಎಲ್ಲ ಮುಗಿದಿರುತ್ತದೆ. ಅದೇ ಪ್ರಯೋಗದಲ್ಲಿ ಅವರಿಗೆ ಸರಳವಾದ ಒಂದು ವಿಧಾನ ಕಲಿಸಿಕೊಟ್ಟರು: ಮೀಟರು ನೋಡುತ್ತಾ ನಿಧಾನವಾಗಿ ಅರ್ಧಸುತ್ತು ತಿರುಗಿ, ಬಂದ ದಾರಿಯಲ್ಲೇ ವಾಪಸ್ ಬನ್ನಿ.

ಇದೆಲ್ಲ ಕಲಿಯುವ ಹುಡುಗರ ಮಾತು, ನುರಿತವರಿಗೆ ಹೀಗಾಗದು ಅಂದುಕೊಂಡಿದ್ದೆ ನಾನು. ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ನೆನಪಿರಬಹುದು. 2020ರ ಜನವರಿ 26ರಂದು ಲಾಸ್ ಏಂಜಲೀಸ್ ಹತ್ತಿರ ಅವರಿದ್ದ ಹೆಲಿಕಾಪ್ಟರ್ ಬೆಟ್ಟಕ್ಕೆ ಅಪ್ಪಳಿಸಿ ಮಗಳೂ ಸೇರಿ ಒಂಬತ್ತು ಜನ ಹೋದರು. ಪೈಲಟ್ ಅನುಭವಿ. ಮೋಡದ ಮೇಲಕ್ಕೆ ಏರುತ್ತಿದ್ದೇನೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದಾಗ ಹೆಲಿಕಾಪ್ಟರ್ ನಿಜವಾಗಿ ಎಡಕ್ಕೆ ವಾಲಿ ಕೆಳಗಿಳಿಯುತ್ತಿತ್ತು! ದಿಕ್ಕುಗೆಟ್ಟದ್ದೇ ಕಾರಣ ಎಂದು ಅಲ್ಲಿನ ತನಿಖಾ ಮಂಡಳಿ 2021ರಲ್ಲಿ ಹೇಳಿತು. ಏರುತ್ತಿದ್ದೇನೆ ಎಂದವನು ಸುಳ್ಳು ಹೇಳಲಿಲ್ಲ, ಅವನಿಗೆ ಹಾಗೇ ಅನ್ನಿಸುತ್ತಿತ್ತು. ದಿನವೂ ಮೈಕ್ ಮುಂದೆ ಕೂತು ಮಾತಾಡುವ ನನಗೆ ಈ ಸಂಗತಿ ಓದಿ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ.

ಇನ್ನು ನಮ್ಮ ಹೈದರಾಬಾದಿನ ಕಥೆಗೆ ಬರೋಣ. ಇಲ್ಲಿ ಹೆಲಿಕಾಪ್ಟರ್ ಅಂದರೆ ಎಲ್ಲರಿಗೂ ನೆನಪಾಗುವುದು ಒಂದೇ ದಿನ, 2009ರ ಸೆಪ್ಟೆಂಬರ್ 2. ಆಗ ನಾನು ಕಲಬುರಗಿಯಲ್ಲಿ ಡಿಗ್ರಿ ಓದುತ್ತಿದ್ದೆ. ಹಾಸ್ಟೆಲ್ ಮೆಸ್ಸಿನ ಟಿವಿಯಲ್ಲಿ ಗಡಿಭಾಗದ ಹುಡುಗರು ತೆಲುಗು ಚಾನೆಲ್ ಹಾಕಿಕೊಂಡು ಕೂತಿದ್ದರು. ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಬೆಳಿಗ್ಗೆ ಬೇಗಂಪೇಟೆಯಿಂದ ಹೊರಟ ಹೆಲಿಕಾಪ್ಟರ್ ಎಲ್ಲೋ ಸುರಕ್ಷಿತವಾಗಿ ಇಳಿದಿದೆ ಎಂದು ಒಮ್ಮೆ, ಇಲ್ಲ ಎಂದು ಒಮ್ಮೆ. ಮಧ್ಯಾಹ್ನ ಹೋಯಿತು, ರಾತ್ರಿಯಾಯಿತು. ಒಬ್ಬ ಮುಖ್ಯಮಂತ್ರಿ ಒಂದು ದಿನ ಪೂರ್ತಿ ಕಾಣೆಯಾಗಲು ಸಾಧ್ಯವೇ ಎಂದು ನಾವೆಲ್ಲ ಮುಖ ಮುಖ ನೋಡಿಕೊಂಡೆವು.

ಅವರು ಹೊರಟದ್ದು ಚಿತ್ತೂರು ಜಿಲ್ಲೆಗೆ, 'ರಚ್ಚಬಂಡ' ಕಾರ್ಯಕ್ರಮದ ಮೊದಲ ದಿನಕ್ಕೆ. ರಚ್ಚಬಂಡ ಅಂದರೆ ನಮ್ಮ ಅರಳಿಕಟ್ಟೆ, ಊರ ಜನ ಕೂತು ಮಾತಾಡುವ ಜಾಗ. ಹೆಲಿಕಾಪ್ಟರ್ ಎರಡು ಎಂಜಿನ್ನಿನ ಬೆಲ್ 430. ಒಳಗೆ ಐವರು: ಮುಖ್ಯಮಂತ್ರಿ, ಅವರ ಕಾರ್ಯದರ್ಶಿ, ಭದ್ರತಾಧಿಕಾರಿ, ಇಬ್ಬರು ಪೈಲಟ್‌ಗಳು. ಮಳೆಗಾಲ. ದಾರಿಯಲ್ಲಿ ಕೃಷ್ಣಾ ನದಿ, ಅದರಾಚೆ ನಲ್ಲಮಲ ಕಾಡು. ನಲ್ಲಮಲದ ಕೆಲವು ಶಿಖರಗಳು 900 ಮೀಟರ್ ದಾಟುತ್ತವೆ, ಮಳೆಮೋಡ ಬಂದು ಕೂತರೆ ಬೆಟ್ಟ ಯಾವುದು ಮೋಡ ಯಾವುದು ತಿಳಿಯದು. ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಸಂಪರ್ಕ ಕಡಿಯಿತು. ವಾಯುಪಡೆಯ ಹೆಲಿಕಾಪ್ಟರುಗಳು, ಸುಖೋಯ್ ವಿಮಾನ, ಇಸ್ರೋ, ಕೇಂದ್ರ ಮೀಸಲು ಪೊಲೀಸರು, ಕಾಡಿನ ಚೆಂಚು ಜನ ಎಲ್ಲರೂ ಹುಡುಕಿದರು. ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಕರ್ನೂಲಿನಿಂದ ಪೂರ್ವಕ್ಕೆ ಪಾವುರಾಲ ಗುಟ್ಟದ ಮೇಲೆ. ಪಾವುರಾಲ ಗುಟ್ಟ ಅಂದರೆ ಪಾರಿವಾಳಗಳ ಗುಡ್ಡ. ಯಾರೂ ಬದುಕಿರಲಿಲ್ಲ.

ಎಷ್ಟೋ ಊಹಾಪೋಹ ಹಬ್ಬಿತು, ಈಗಲೂ ಕೆಲವರು ಚಹಾ ಅಂಗಡಿಯಲ್ಲಿ ಏನೇನೋ ಹೇಳುತ್ತಾರೆ. ತಾಂತ್ರಿಕ ತನಿಖಾ ಸಮಿತಿ ಹೇಳಿದ್ದು ಇಷ್ಟು. ಹಾರಾಟದ ನಡುವೆ ಟ್ರಾನ್ಸ್‌ಮಿಷನ್ ಆಯಿಲ್ ಒತ್ತಡದಲ್ಲಿ ತೊಂದರೆಯ ಸೂಚನೆ ಕಂಡಿತು. ಇಬ್ಬರೂ ಪೈಲಟ್‌ಗಳು ಆರು ನಿಮಿಷಕ್ಕೂ ಹೆಚ್ಚು ಕಾಲ ಅದಕ್ಕೆ ಪುಸ್ತಕದಲ್ಲಿ ಪರಿಹಾರ ಹುಡುಕುತ್ತಾ ಉಳಿದರು. ಅಷ್ಟರಲ್ಲಿ ಹೆಲಿಕಾಪ್ಟರ್ ಕೆಟ್ಟ ಹವೆಯೊಳಗೆ ಹೊಕ್ಕಿತು. ಗುಡುಗು ಮೋಡದಲ್ಲಿ ಗಾಳಿ ಒಂದು ಕಡೆ ರಭಸವಾಗಿ ಮೇಲೇರಿದರೆ ಮತ್ತೊಂದು ಕಡೆ ಮಳೆಯ ಜೊತೆ ಅಷ್ಟೇ ರಭಸವಾಗಿ ಕೆಳಗೆ ಸುರಿಯುತ್ತದೆ. ಆ ಕೆಳಗಾಳಿಗೆ ಸಿಕ್ಕಿ, ಹತೋಟಿ ತಪ್ಪಿ, ಬಹಳ ವೇಗವಾಗಿ ನೆಲಕ್ಕೆ ಬಿತ್ತು.

ಅಂದರೆ ಇದು ಕಿವಿಯ ಮೋಸದ ನೇರ ಕಥೆಯಲ್ಲ. ಆದರೂ ನನಗೆ ಕಾಡುವುದು ಆ ಆರು ನಿಮಿಷ. ನಿಚ್ಚಳ ಆಕಾಶದಲ್ಲಾಗಿದ್ದರೆ ಆರು ನಿಮಿಷ ಪುಸ್ತಕ ಓದಿದರೂ ಕಣ್ಣಂಚಿನಲ್ಲಿ ದಿಗಂತ ಇರುತ್ತಿತ್ತು, ಏನಾದರೂ ಕಾಣುತ್ತಿತ್ತು. ಮೋಡದಲ್ಲಿ ತಲೆ ತಗ್ಗಿಸಿದವನಿಗೆ ಎಚ್ಚರಿಸುವವರು ಯಾರೂ ಇಲ್ಲ. ಮೋಡ ಒಂದೇ ರೀತಿಯಲ್ಲಿ ಕೊಲ್ಲುವುದಿಲ್ಲ. ಸಣ್ಣ ತೊಂದರೆಯನ್ನು ದೊಡ್ಡದು ಮಾಡಿ ಕೊಲ್ಲುವುದೂ ಉಂಟು.

ಅದಕ್ಕೂ ಏಳು ವರ್ಷ ಹಿಂದೆ, 2002ರ ಮಾರ್ಚ್ 3ರಂದು, ಲೋಕಸಭಾ ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿ ಭೀಮವರಂನಿಂದ ಹೈದರಾಬಾದಿಗೆ ಬರುತ್ತಿದ್ದರು. ಖಾಸಗಿ ಕಂಪನಿಯ ಪುಟ್ಟ ಬೆಲ್ 206. ಬೆಳಗಿನ ಹೊತ್ತು. ಕೃಷ್ಣಾ ಜಿಲ್ಲೆಯ ಕೈಕಲೂರು ಕಡೆ ಬಂದಾಗ ಸುತ್ತ ಏನೂ ಸರಿಯಾಗಿ ಕಾಣದು. ಕೊಲ್ಲೇರು ಸರೋವರದ ಆ ಸೀಮೆಗೆ ಹೋದವರಿಗೆ ಗೊತ್ತು, ಕಣ್ಣು ಹಾಯಿಸಿದಷ್ಟು ದೂರ ಮೀನು ಸಾಕುವ ಕೆರೆಗಳು, ಬದುವಿನ ಮೇಲೆ ತೆಂಗಿನ ಮರ. ಇಳಿಯೋಣವೆಂದು ಪೈಲಟ್ ನೆಲ ಎಂದುಕೊಂಡದ್ದು ನೀರು. ಗಾಳಿಯಿಲ್ಲದ ಬೆಳಿಗ್ಗೆ ನಿಂತ ನೀರು ಬಿಳಿಯ ಆಕಾಶವನ್ನೇ ತೋರಿಸುತ್ತದೆ, ಮೇಲೊಂದು ಬಿಳುಪು ಕೆಳಗೊಂದು ಬಿಳುಪು. ತಪ್ಪು ತಿಳಿದು ಮತ್ತೆ ಮೇಲೇರಲು ಹೊರಟಾಗ ತೆಂಗಿನ ಮರಕ್ಕೆ ತಾಗಿ ಕೆರೆಗೇ ಬಿತ್ತು. ಸ್ಪೀಕರ್, ಅವರ ಭದ್ರತಾ ಸಿಬ್ಬಂದಿ, ಪೈಲಟ್ ಮೂವರೂ ಹೋದರು. ಗಮನಿಸಿ, ಇಲ್ಲಿ ಬೆಟ್ಟವೇ ಇಲ್ಲ. ಚಪ್ಪಟೆ ಬಯಲು. ನನ್ನ "ಬೆಟ್ಟ ಗುಡ್ಡ ಕಾಣೋದಿಲ್ಲ" ಉತ್ತರ ಅಲ್ಲಿಗೇ ಬಿದ್ದುಹೋಯಿತು!

ಬೆಟ್ಟದ ಕಥೆ ಬೇಕೆಂದರೆ ನೀಲಗಿರಿಗೆ ಹೋಗಬೇಕು. 2021ರ ಡಿಸೆಂಬರ್ 8ರಂದು ಕೂನೂರಿನ ಹತ್ತಿರ ನಂಜಪ್ಪಸತ್ರಂನಲ್ಲಿ ಜನರಲ್ ಬಿಪಿನ್ ರಾವತ್ ಅವರಿದ್ದ ವಾಯುಪಡೆಯ ಹೆಲಿಕಾಪ್ಟರ್ ಬಿತ್ತು. ಒಳಗಿದ್ದ 14 ಜನರಲ್ಲಿ 13 ಮಂದಿ ಅಂದೇ ತೀರಿಕೊಂಡರು, ಉಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ವಾರದ ನಂತರ ಬೆಂಗಳೂರಿನ ಆಸ್ಪತ್ರೆಯಲ್ಲಿ. ಅದು ಸಣ್ಣ ಖಾಸಗಿ ವಿಮಾನವಲ್ಲ, ದೊಡ್ಡ ಮಿ-17, ಹಾರಿಸುತ್ತಿದ್ದವರು ಆರಿಸಿದ ಪೈಲಟ್‌ಗಳು. ಯಂತ್ರದ ದೋಷವಿಲ್ಲ, ಕಣಿವೆಯಲ್ಲಿ ಹವೆ ಇದ್ದಕ್ಕಿದ್ದಂತೆ ಬದಲಾಗಿ ಮೋಡ ಹೊಕ್ಕದ್ದರಿಂದ ಪೈಲಟ್‌ಗೆ ದಿಕ್ಕುಗೆಟ್ಟಿತು ಎಂಬುದು ತನಿಖೆಯ ನಿರ್ಣಯ. ಅಂಥವರಿಗೇ ಹೀಗೆ.

ಇಲ್ಲೊಂದು ಮಾತು ಸೇರಿಸಬೇಕು. ಈ ವಿಷಯ ತೆಗೆದರೆ ನಮ್ಮ ಕೇಳುಗರು ತಪ್ಪದೆ ಸೌಂದರ್ಯ ಅವರ ಹೆಸರು ಹೇಳುತ್ತಾರೆ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಕರೀಂನಗರಕ್ಕೆ ಚುನಾವಣಾ ಪ್ರಚಾರಕ್ಕೆಂದು ಹೊರಟಿದ್ದರು. ಕನ್ನಡದವರೂ ತೆಲುಗಿನವರೂ "ನಮ್ಮವಳು" ಎಂದು ಜಗಳವಾಡುವಷ್ಟು ಪ್ರೀತಿಸಿದ ನಟಿ, 'ದ್ವೀಪ' ಚಿತ್ರವನ್ನು ತಾವೇ ನಿರ್ಮಿಸಿ ನಟಿಸಿದವರು. ಆದರೆ ಅವರ ಸೆಸ್ನಾ ವಿಮಾನ ಬಿದ್ದದ್ದು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ, ಪಕ್ಕದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ. ಅದನ್ನು ಮೋಡದ ಲೆಕ್ಕಕ್ಕೆ ಬರೆಯುವಂತಿಲ್ಲ. ಸಣ್ಣ ವಿಮಾನಕ್ಕೆ ಬೇರೆ ಶತ್ರುಗಳೂ ಇದ್ದಾರೆ.

ಹಾಗಾದರೆ ದೊಡ್ಡ ವಿಮಾನಗಳು ಮೋಡದಲ್ಲಿ ದಿನವೂ ಹೋಗುತ್ತವಲ್ಲ ಎಂದು ಕೇಳಬಹುದು. ಹೋಗುತ್ತವೆ. ಅವುಗಳ ಪೈಲಟ್‌ಗಳು ಹೊರಗೆ ನೋಡದೆ ಮೀಟರು ನೋಡಿಯೇ ಹಾರಿಸಲು ಕಲಿತಿರುತ್ತಾರೆ, ಆಗಾಗ ಪರೀಕ್ಷೆ ಕೊಡುತ್ತಾರೆ, ಇಬ್ಬರಿರುತ್ತಾರೆ. ಆಟೋಪೈಲಟ್‌ಗೆ ಒಳಕಿವಿ ಇಲ್ಲ, ಅದೃಷ್ಟ! ನೆಲ ಹತ್ತಿರವಾದರೆ ಕೂಗಿ ಹೇಳುವ ಯಂತ್ರವಿದೆ. ಶಂಷಾಬಾದಿನಂಥ ನಿಲ್ದಾಣದಲ್ಲಿ ರೇಡಿಯೋ ಕಿರಣವೇ ವಿಮಾನವನ್ನು ರನ್‌ವೇವರೆಗೆ ಕೈಹಿಡಿದು ಕರೆತರುತ್ತದೆ. ಸಣ್ಣ ವಿಮಾನ ಇಳಿಯುವ ಎಷ್ಟೋ ಪಟ್ಟಿಗಳಲ್ಲಿ ಇದ್ಯಾವುದೂ ಇಲ್ಲ. ಹೆಲಿಪ್ಯಾಡ್ ಅಂತೂ ಸುಣ್ಣದಲ್ಲಿ ಬರೆದ ಒಂದು ವೃತ್ತ, ಪಕ್ಕದಲ್ಲಿ ಹೊಗೆ ಹಾಕಿ ಗಾಳಿಯ ದಿಕ್ಕು ತೋರಿಸುವ ಒಬ್ಬ ಮನುಷ್ಯ.

ಅದಕ್ಕೇ ಕಣ್ಣಿನಿಂದ ನೋಡಿ ಹಾರುವವರಿಗೆ ನಿಯಮ ಬೇರೆ. ಸಾಮಾನ್ಯವಾಗಿ 10,000 ಅಡಿಗಿಂತ ಕೆಳಗೆ ಹಾರುವ ಸಣ್ಣ ವಿಮಾನಕ್ಕೆ ಕನಿಷ್ಠ 5 ಕಿಲೋಮೀಟರ್ ದೂರ ಕಾಣಬೇಕು, ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ ಕೆಳಗೆ 300 ಮೀಟರ್ ಅಂತರ ಇರಬೇಕು. 5 ಕಿಲೋಮೀಟರ್ ಅಂದರೆ ಹೆಚ್ಚುಕಡಿಮೆ ಸಿಕಂದರಾಬಾದ್ ಸ್ಟೇಷನ್ನಿನಿಂದ ಬೇಗಂಪೇಟೆಯಷ್ಟು. ಬಹಳ ಅನ್ನಿಸುತ್ತದೆ ಅಲ್ಲವೆ? ಗಂಟೆಗೆ 185 ಕಿಲೋಮೀಟರ್ ವೇಗದಲ್ಲಿ ಅದು ಒಂದೂವರೆ ನಿಮಿಷಕ್ಕೆ ಮುಗಿದುಹೋಗುತ್ತದೆ.

ನಿಯಮವಿದ್ದೂ ಒಳಗೆ ಯಾಕೆ ಹೋಗುತ್ತಾರೆ? ಯಾರೂ ಮೋಡಕ್ಕೆ ನುಗ್ಗುತ್ತೇನೆಂದು ಹೊರಡುವುದಿಲ್ಲ. ಸ್ವಲ್ಪ ಮಬ್ಬು, ಇನ್ನೂ ಸ್ವಲ್ಪ ಮಬ್ಬು, ಮುಂದೆ ತಿಳಿಯಾಗಬಹುದು, ಇಷ್ಟು ದೂರ ಬಂದಾಯಿತು... ಹೀಗೇ. ಹಿಂದೆ ಕೂತವರು ದೊಡ್ಡವರಾದರೆ, ಅಲ್ಲಿ ಸಾವಿರಾರು ಜನ ಕಾಯುತ್ತಿದ್ದರೆ, "ಆಗೋದಿಲ್ಲ ಸಾರ್" ಎನ್ನುವುದು ಬಹಳ ಕಷ್ಟ. ಯಾರೂ ಬಾಯಿಬಿಟ್ಟು ಒತ್ತಾಯಿಸಬೇಕಿಲ್ಲ. ಕೋಬಿ ಪ್ರಕರಣದಲ್ಲಿ ತನಿಖೆಯವರು ಪೈಲಟ್ ತನಗೆ ತಾನೇ ಹಾಕಿಕೊಂಡ ಒತ್ತಡ ಎಂದೇ ಬರೆದರು.

ಈ ಮಾತು ಬರೆಯುವಾಗ ನನಗೇ ನಾಚಿಕೆಯಾಯಿತು. ಕೆಲವು ವರ್ಷದ ಹಿಂದೆ ಜನವರಿಯಲ್ಲಿ ಬೀದರಿನಿಂದ ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದೆ. ಜಹೀರಾಬಾದ್ ದಾಟಿದ ಮೇಲೆ ಮಂಜು ಎಷ್ಟು ದಟ್ಟವಾಯಿತೆಂದರೆ ಬಾನೆಟ್ ಮುಂದೆ ರಸ್ತೆಯೇ ಇಲ್ಲ. ಡ್ರೈವರ್ ಒಂದು ಢಾಬಾ ಹತ್ತಿರ ಬದಿಗೆ ಹಾಕಿ "ಬೆಳಕಾಗಲಿ" ಎಂದು ಬೀಡಿ ಹಚ್ಚಿದ. ಬಸ್ಸೆಲ್ಲ ಕೂಗಾಡಿತು. ನನಗೆ ಆರು ಗಂಟೆಗೆ ಬೆಳಗಿನ ಶಿಫ್ಟ್. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ ಇರಬೇಕು, ನನ್ನ ಗಂಟಲು ಪಳಗಿದ್ದು ನೋಡಿ! ಆತ ಜಪ್ಪಯ್ಯ ಅನ್ನಲಿಲ್ಲ. ಅವನಿಗೆ ನಿಲ್ಲಿಸಲು ರಸ್ತೆಬದಿ ಇತ್ತು. ಆಕಾಶದಲ್ಲಿ ಢಾಬಾ ಇಲ್ಲ, ಅಲ್ಲಿ ನಿಲ್ಲಿಸುವುದೆಂದರೆ ಹೊರಡದೇ ಇರುವುದು ಅಥವಾ ಹಿಂದಿರುಗುವುದು.

ಇನ್ನೊಂದು ವಿಷಯ ನಮ್ಮ ಬೆಂಗಳೂರಿಗೆ ಸಂಬಂಧಿಸಿದ್ದು. ವಿಮಾನ ಬಿದ್ದಾಗ ತಾನಾಗಿ ಕೂಗಿ ಹೇಳುವ ಒಂದು ಪುಟ್ಟ ರೇಡಿಯೋ ಪೆಟ್ಟಿಗೆ ಇರುತ್ತದೆ. ಹಳೆಯ ಪೆಟ್ಟಿಗೆಗಳು ಕೂಗುತ್ತಿದ್ದದ್ದು 121.5 ಮೆಗಾಹರ್ಟ್ಸ್‌ನಲ್ಲಿ. ಉಪಗ್ರಹಗಳು ಆ ತರಂಗ ಕೇಳುವುದನ್ನು 2009ರ ಫೆಬ್ರವರಿ 1ರಿಂದ ನಿಲ್ಲಿಸಿದವು. ಈಗ 406 ಮೆಗಾಹರ್ಟ್ಸ್ ಪೆಟ್ಟಿಗೆಯೇ ಬೇಕು. ಅದು ಯಾರ ವಿಮಾನ ಎಂಬ ಗುರುತನ್ನೂ ಕಳಿಸುತ್ತದೆ. ಭಾರತದಲ್ಲಿ ಆ ಕೂಗನ್ನು ಉಪಗ್ರಹದಿಂದ ಪಡೆದು ರಕ್ಷಣಾ ತಂಡಕ್ಕೆ ಮುಟ್ಟಿಸುವ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್‌ನಲ್ಲಿ. ರೇಡಿಯೋದವನಾಗಿ ನನಗೆ ಇದು ತಿಳಿದು ಖುಷಿಯಾಯಿತು. ದಿನದ ಇಪ್ಪತ್ನಾಲ್ಕು ಗಂಟೆ ಯಾರೂ ಮಾತಾಡದಿರಲಿ ಎಂದು ಹಾರೈಸುತ್ತಾ ಕಿವಿಗೊಟ್ಟು ಕೂತಿರುವ ಸ್ಟೇಷನ್ ಅದು.

ಮೊನ್ನೆ ಗುರುವಾರ ಮಲ್ಕಾಜ್‌ಗಿರಿಯ ಆ ತಾಯಿ ಮತ್ತೆ ಫೋನ್ ಮಾಡಿದ್ದರು. ಈ ಸಲ ಜಾಹೀರಾತು ಬರುವವರೆಗೆ ಮೂರು ನಿಮಿಷ ಸಿಕ್ಕಿತು, ಚಹಾ ಪುಡಿಯ ಕಥೆ ಹೇಳಿದೆ. ಕೇಳಿಸಿಕೊಂಡು, "ಮೂರ್ ದಿನ ಆತು ತಮ್ಮಾ, ಅಂವ ಹಾರೇ ಇಲ್ಲಂತ. ಮೋಡ ಅದ ಅಂತ ಸರ್ ಕಳಿಸವಲ್ರಂತ. ಹಾಸ್ಟೆಲ್ ಫೀ ಮಾತ್ರ ಓಡ್ಲಿಕ್ಕತ್ತದ" ಅಂದರು.

ಬೈದಿರಾ ಎಂದು ಕೇಳಿದೆ.

"ಮೊದಲ ದಿನ ಬೈದೆ. ನಿನ್ನೆ ಊಟ ಆತೇನೋ ಅಂತಷ್ಟ ಕೇಳ್ದೆ."

ಆಮೇಲೆ ಹಾಡು ಕೇಳಿದರು, 'ಆಪ್ತಮಿತ್ರ' ಚಿತ್ರದ್ದು. ಹಾಕಿದೆವು.